ಪೆಟ್ಟಿಗೆ ಕಾಯುತ್ತಿದ್ದ ಅಕ್ಕ

ಕಿರುಗಾವಲಿನ ಗದ್ದೆಬಯಲಿನಲ್ಲಿ ನಮ್ಮ ಬೇಸಿಗೆ ತರಬೇತಿ. ಭತ್ತದ ಗದ್ದೆ ಗಾಳಿಗೆ ಎಷ್ಟು ಮೀಥೇನ್ ಬಿಡುತ್ತದೆಂದು ಅಳೆಯಬೇಕು. ಪೈರಿನ ಮೇಲೆ ಮೀಟರಿರುವ ಪೆಟ್ಟಿಗೆ ಮುಚ್ಚಿ, ಪಕ್ಕದಲ್ಲೇ ಅರ್ಧ ಗಂಟೆ ಅಲುಗಾಡದೆ ಇರಬೇಕು. ನಾನೋ ನಿದ್ದೆಯಲ್ಲೂ ನಾಲ್ಕು ಮೈಲಿ ನಡೆಯುವವನು.

ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದ ಅಕ್ಕ ತಲೆಗೆ ಸೆರಗು ಹೊದ್ದು ಬದುವಿನ ಮೇಲೆ ಕೂತಿರುತ್ತಿದ್ದರು. ನಮ್ಮ ಕಣ್ಣು ಮೀಟರಿನ ಮೇಲಿದ್ದರೆ ಅವರದು ನೀರಿನ ಮೇಲೆ. ನಾನು ಮಿಸುಕಿದಾಗಲೆಲ್ಲ ಒಂದೇ ಮಾತು: “ಸುಮ್ಕಿರಪ್ಪ, ಬತ್ತ ಎಲ್ಗೂ ಓಡೋಗಲ್ಲ.”

ಅಂದು ಸಂಜೆಯೊಳಗೆ ತರಬೇತಿ ಕೊಡುತ್ತಿದ್ದ ಸಾರ್‌ಗೆ ಸರಿಯಾದ ಅಳತೆ ಒಪ್ಪಿಸದಿದ್ದರೆ ನನಗೆ ಸರ್ಟಿಫಿಕೇಟ್ ಇಲ್ಲ. ಮಧ್ಯಾಹ್ನ ಮೀಟರಿನ ಅಂಕಿ ಚಂಗನೆ ನೆಗೆಯಿತು. ಜಗತ್ತೇ ಬೆರಗಾಗುವ ಸಂಶೋಧನೆ ಮಾಡಿಬಿಟ್ಟೆನೆಂದು ಕೂಗಿಕೊಂಡೆ.

“ಅದು ಗದ್ದೇದಲ್ಲ ಕಣಪ್ಪ, ನಿನ್ ಕಾಲ್ದು! ಕೆಸ್ರು ತುಳ್ದು ತುಳ್ದು ಗುಳ್ಳೆ ಎಬ್ಬುಸ್ತಾ ಇದ್ದೀಯ. ಎಮ್ಮೆ ಬುಟ್ಟಿದ್ರೂ ಇಷ್ಟು ಕಲಕ್ತಿರ್ಲಿಲ್ಲ.”

ನನ್ನನ್ನು ಬದುವಿಗೆ ಅಟ್ಟಿ, ಅಕ್ಕನೇ ಮತ್ತೆ ಪೆಟ್ಟಿಗೆ ಮುಚ್ಚಿದರು. ಅಂಕಿಗಳು ಒಂದರ ಹಿಂದೊಂದು ಶಿಸ್ತಾಗಿ ಏರಿದವು.

ಸಂಜೆ ಸಾರ್ ಆ ಅಂಕಿಗಳ ಗ್ರಾಫಿನ ನೇರ ಗೆರೆ ನೋಡಿ ಕೇಳಿದರು: “ಇಷ್ಟು ಚೆನ್ನಾಗಿ ಅಳೆದೋರು ಯಾರಪ್ಪ?”

‘ನಾನೇ’ ಅನ್ನು ಎಂದು ಅಕ್ಕ ನನಗೆ ಕಣ್ಸನ್ನೆ ಮಾಡಿದರು. ನನ್ನ ಬಾಯಿ ಆಗಲೇ “ಅಕ್ಕ ಸಾರ್” ಅಂದುಬಿಟ್ಟಿತ್ತು.

“ಹಾಗಾದ್ರೆ ನಾಳೆ ನೀನೇ ಅಳೆದು ತಾ. ಆಮೇಲೆ ಸರ್ಟಿಫಿಕೇಟು.”

“ಕಾಲಂತೂ ನಿಲ್ಲಕಿಲ್ಲ, ಬಾಯೂ ನಿಲ್ಲಕಿಲ್ವಾ ನಿಂಗೆ?” ಎಂದು ಅಕ್ಕ ಬೈದರು.

ಮರುದಿನ ಅಕ್ಕ ಪೆಟ್ಟಿಗೆ ಮುಟ್ಟಲಿಲ್ಲ. ನನ್ನ ಪಕ್ಕ ಕೂತು, ನನ್ನ ಮೊಣಕಾಲನ್ನು ಅರ್ಧ ಗಂಟೆ ಅದುಮಿ ಹಿಡಿದಿದ್ದರು.