ಕಾರು ಹೆಂಡತಿಗೆ ಬಂತು

ಅಧ್ಯಕ್ಷಭವನದ ಹಿಂದಿನ ಬೀದಿಯಲ್ಲಿ, ಬೂಟು ರಿಪೇರಿಯವನ ಗೂಡಿಗೂ ಔಷಧಿ ಅಂಗಡಿಗೂ ನಡುವೆ ಎರಡು ಕುರ್ಚಿಯ ಒಂದು ಸಲೂನಿತ್ತು. ಅದರ ಯಜಮಾನನನ್ನು ಬೀದಿಯವರು ದರಬಾರಿ ಎಂದೇ ಕರೆಯುತ್ತಿದ್ದರು. ಸ್ವತಂತ್ರವಾದ ಮೇಲೆ ಆ ಸಣ್ಣ ದೇಶಕ್ಕೆ ಮೂವರು ಅಧ್ಯಕ್ಷರಾಗಿದ್ದರು. ಮೂವರ ತಲೆಯೂ ಅವನ ಕೈಯಲ್ಲೇ ಪಳಗಿತ್ತು. ಮೊದಲನೆಯವರಿಗೆ ಕಿವಿಯ ಹತ್ತಿರ ಕತ್ತರಿಯ ಸದ್ದು ಕೇಳಿದರೆ ನಿದ್ದೆ ಬರುತ್ತಿತ್ತು. ಅವರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಎರಡನೆಯವರು ಎರಡು ಅವಧಿ ಆಳಿದರು, ಕನ್ನಡಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಮೂರನೆಯವರು ಸಂಸತ್ತಿನೊಂದಿಗೆ ಜಗಳ ಕಾದು ವರ್ಷ ತುಂಬುವ ಮೊದಲೇ ರಾಜೀನಾಮೆ ಎಸೆದು ಹೋದರು. ಹೋಗುವ ದಿನವೂ ಗಡ್ಡ ಬೋಳಿಸಿಕೊಂಡೇ ಹೋದರು. ಯಾರ ತಲೆಯಲ್ಲಿ ಹೊಟ್ಟು, ಯಾರಿಗೆ ಎರಡು ಸುಳಿ, ಎಲ್ಲವೂ ಬೀದಿಗೆ ಗೊತ್ತಿತ್ತು. ದರಬಾರಿಯ ಬಾಯಿಗೆ ಬಿದ್ದದ್ದು ಊರಿಗೆ ಬಿದ್ದ ಹಾಗೆ.

ಸಲೂನಿನ ಹಿಂಬದಿಯಲ್ಲಿ, ಪರದೆಯಾಚೆ, ಅವನ ಹೆಂಡತಿಯ ಕೋಣೆ. ಅವಳು ಹೆಂಗಸರ ಕೂದಲು ಕತ್ತರಿಸುತ್ತಿದ್ದಳು, ಬಣ್ಣ ಹಚ್ಚುತ್ತಿದ್ದಳು. “ಹಿಂದುಗಡೆ ಅವಳದ್ದೂ ಒಂದಿದೆ” ಎನ್ನುತ್ತಿದ್ದ ದರಬಾರಿ. ಅದಕ್ಕಿಂತ ಹೆಚ್ಚು ಅವನು ಅದನ್ನು ಲೆಕ್ಕಕ್ಕೆ ಹಿಡಿದವನಲ್ಲ.

ನಾಲ್ಕನೆಯ ಅಧ್ಯಕ್ಷರಾಗಿ ಆರಿಸಿ ಬಂದದ್ದು ಒಬ್ಬ ಹೆಂಗಸು, ವೃತ್ತಿಯಿಂದ ವೈದ್ಯೆ. ಅದರಿಂದ ತನ್ನ ಬದುಕಿನಲ್ಲಿ ಏನಾದರೂ ಏರುಪೇರಾದೀತು ಎಂದು ದರಬಾರಿಗೆ ಹೊಳೆಯಲೇ ಇಲ್ಲ. ಅಧ್ಯಕ್ಷರು ಅಂದರೆ ಅಧ್ಯಕ್ಷರು, ತಲೆ ಅಂದರೆ ತಲೆ. ಪ್ರಮಾಣವಚನದ ಹಿಂದಿನ ದಿನ, ಯಾವಾಗಲೂ ಅವನನ್ನು ಕರೆದೊಯ್ಯುತ್ತಿದ್ದ ಭವನದ ಕಪ್ಪು ಕಾರು ಬೀದಿಗೆ ತಿರುಗಿದಾಗ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚರ್ಮದ ಚೀಲ ಹಿಡಿದು ಮೆಟ್ಟಿಲ ಮೇಲೆ ಸಿದ್ಧನಾಗಿ ನಿಂತಿದ್ದ.

ಹಳೆಯ ಪರಿಚಯದ ಡ್ರೈವರು ಇಳಿದು ಕತ್ತು ಕೆರೆದುಕೊಂಡ. “ಅಣ್ಣಾ, ಬೇಜಾರು ಮಾಡ್ಕೋಬೇಡಿ. ಅತ್ತಿಗೆಯವ್ರನ್ನ ಕರ್ಕೊಂಡು ಬಾ ಅಂದಿದ್ದಾರೆ.”

“ಯಾವ ಅತ್ತಿಗೆ?”

“ಎಷ್ಟು ಜನ ಇದ್ದಾರೆ ನಿಮಗೆ?” ಎಂದು ಡ್ರೈವರು ನಗಲು ಹೋಗಿ, ಅವನ ಮುಖ ನೋಡಿ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದ.

ಹೆಂಡತಿ ಏಪ್ರನ್ ಬಿಚ್ಚಿಟ್ಟು, ತನ್ನ ಬಾಚಣಿಗೆಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಕಾರು ಹತ್ತಿದಳು. ಬೂಟು ರಿಪೇರಿಯವನು ಕೈಲಿದ್ದ ಬೂಟು ಕೆಳಗಿಟ್ಟು ನೋಡಿದ. ದರಬಾರಿ ಆ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ.

ಅಂದಿನಿಂದ ಅವನ ಹೊಟ್ಟೆಗೆ ಬೆಂಕಿ ಬಿತ್ತು. ಟೀವಿಯಲ್ಲಿ ಅಧ್ಯಕ್ಷೆ ಕಂಡರೆ ಸಾಕು, “ಎಡಗಡೆ ಒಂದೆಳೆ ಉದ್ದ ಬಿಟ್ಟಿದಾಳೆ ನೋಡಿ” ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದ. ಅವರಿಗೆ ಕಾಣುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೂ ಕಾಣುತ್ತಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು, ಅದೇ ಅವನನ್ನು ಹೆಚ್ಚು ಸುಡುತ್ತಿತ್ತು.

ಹೆಂಡತಿ ಭವನದಿಂದ ಬಂದಾಗಲೆಲ್ಲ ಅವನು ಬೇರೇನೋ ಕೆಲಸ ಇದ್ದವನಂತೆ ಸುತ್ತ ಸುಳಿಯುತ್ತಿದ್ದ.

“ಏನಂದ್ರು?”

“ಏನಿಲ್ಲ. ಕೂದಲು ಕತ್ತರಿಸ್ಕೊಂಡ್ರು.”

“ಮಾತೇ ಆಡಲ್ವಾ?”

“ಆಡ್ತಾರೆ.”

“ಕಾಫಿ ಕೊಟ್ರಾ?”

“ಹೂಂ. ಬಿಸ್ಕತ್ತೂ ಇತ್ತು.”

ಮೂವರು ಅಧ್ಯಕ್ಷರಲ್ಲಿ ಒಬ್ಬರೂ ಅವನಿಗೆ ಬಿಸ್ಕತ್ತು ಕೊಟ್ಟಿರಲಿಲ್ಲ. ಅವನು ಅಂದು ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ.

ಹೀಗೆ ಉರಿಯುತ್ತಿದ್ದವನು ಅವನೊಬ್ಬನೇ ಅಲ್ಲ. ಎರಡನೆಯ ಅಧ್ಯಕ್ಷರು ಅದೇ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದರು. ಬೀದಿಯವರಿಗೆ ಅವರು ‘ಮಾಜಿ’. ಶನಿವಾರ ಬೆಳಿಗ್ಗೆ ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತರೆ ಸುದ್ದಿಗೆ ಬಾಯಿ ತೆರೆದು ಕಾಯುತ್ತಿದ್ದರು.

“ಭವನದಲ್ಲಿ ಹಿಂದಿನ ಅಧ್ಯಕ್ಷರ ಚಿತ್ರ ಹಾಕಿರೋ ಹಜಾರ ಇದೆಯಲ್ಲ, ಅಲ್ಲಿ ನನ್ನದು ಬಾಗಿಲಿಗೆ ಎದುರಿಗಿತ್ತು. ಈಗ ಕಿಟಕಿ ಪಕ್ಕಕ್ಕೆ ಸರಿಸಿದ್ದಾರಂತೆ. ನಿಮ್ಮ ಮನೆಯವ್ರನ್ನ ಕೇಳಿ ನೋಡಿ.”

ದರಬಾರಿ ಕೇಳಿದ. “ನಾನು ಗೋಡೆ ನೋಡೋಕೆ ಹೋಗಲ್ಲ” ಎಂದಳು ಅವಳು.

ಮರುವಾರ ಮಾಜಿ ಮತ್ತೆ ಕೇಳಿದರು. ಮೂವರು ಅಧ್ಯಕ್ಷರ ಗುಟ್ಟು ಬಲ್ಲವನು, ಈಗ ಸ್ವಂತ ಹೆಂಡತಿಯ ಬಾಯಿಂದ ಒಂದು ಮಾತು ಹೊರಡಿಸಲಾರದವನು ಎಂದು ಹೇಗೆ ಒಪ್ಪಿಕೊಳ್ಳುವುದು? ದರಬಾರಿ ಬಗ್ಗಿ, ನೊರೆ ಹಚ್ಚುತ್ತ, ಅವರ ಕಿವಿಯಲ್ಲಿ ಹೇಳಿದ: “ಚಿತ್ರದ ಮಾತು ಬಿಡಿ ಸಾರ್. ಮೇಡಂ ತಲೆ ಮೇಲಿರೋದು ಕೂದಲೇ ಅಲ್ಲ. ವಿಗ್ಗು.”

ಮಾಜಿಯ ಮುಖ ಅರಳಿತು. ಅಷ್ಟು ಸಂತೋಷವನ್ನು ದರಬಾರಿ ಅವರ ಮುಖದಲ್ಲಿ ಎರಡನೇ ಸಲ ಗೆದ್ದಾಗಲೂ ಕಂಡಿರಲಿಲ್ಲ.

ಒಂದೇ ವಾರದಲ್ಲಿ ಮಾತು ಊರೆಲ್ಲ ಹಬ್ಬಿತು. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರವೂ ಬಂತು. ಮುಂದಿನ ಶನಿವಾರ ಭವನದ ಭದ್ರತಾ ಅಧಿಕಾರಿ ಸಲೂನಿಗೆ ಕಾಲಿಟ್ಟು, ಈ ಸುದ್ದಿ ಎಲ್ಲಿಂದ ಹೊರಟಿತೆಂದು ಕೇಳಿದ. ದರಬಾರಿ ಬಗ್ಗಿ ಕತ್ತಿ ಮಸೆಯತೊಡಗಿದ. ಮಾಜಿ ಮುಖದ ತುಂಬ ನೊರೆ ಇಟ್ಟುಕೊಂಡೇ ಗಂಟಲು ಸರಿಮಾಡಿಕೊಂಡರು.

“ನಾನು ಹೇಳಿದ್ದು. ನಾಲ್ಕು ಕಡೆ ಹೇಳಿದೀನಿ. ಏನೀಗ?”

ಮಾಜಿ ಅಧ್ಯಕ್ಷರನ್ನು ಗದರುವುದು ಹೇಗೆ? ಅಧಿಕಾರಿ ಸೆಲ್ಯೂಟು ಹೊಡೆದು ಹೊರಟುಹೋದ. ಪರದೆಯಾಚೆ ಕತ್ತರಿಯ ಸದ್ದು ನಿಂತಿತ್ತು.

ಆ ವಾರ ಕಾರು ಬರಲಿಲ್ಲ. ಹೆಂಡತಿ ಅಡುಗೆ ಮಾಡಿದಳು, ಬಡಿಸಿದಳು, ಮಾತು ಮಾತ್ರ ಇಲ್ಲ. ಕೊನೆಗೆ ದರಬಾರಿಯೇ, “ಮಾಜಿಗೆ ಬಾಯಿ ನಿಲ್ಲಲ್ಲ” ಎಂದ.

“ಅವ್ರ ಬಾಯಿಗೆ ಹಾಕಿದ್ದು ಯಾರು?” ಅವಳು ತಟ್ಟೆ ತೆಗೆದಳು. “ನಾನು ಉರ್ಕೊಂಡಿಲ್ವಾ? ನಿಮಗೆ ಆ ಕಾರು ಬಂದಾಗಲೆಲ್ಲ ಪರದೆ ಹಿಂದೆ ನಿಂತು ಹಲ್ಲು ಕಚ್ತಿದ್ದೆ. ಒಂದ್ಸಲ ನಿಮ್ಮ ಒಳ್ಳೇ ಕತ್ತರೀಲಿ ರಟ್ಟು ಕತ್ತರಿಸಿ ಹಾಗೇ ಚೀಲದಲ್ಲಿಟ್ಟೆ.”

ದರಬಾರಿ ಕೈತೊಳೆಯುವುದನ್ನು ಮರೆತ. “ಮೊದಲನೆಯವರು ನಿದ್ದೆಯಿಂದೆದ್ದು ‘ಎಳೀತಿದೆ ಕಣಯ್ಯ’ ಅಂತ ಕೂಗಿದ್ರಲ್ಲ, ಅವತ್ತಾ?”

“ಅವತ್ತೇ. ಆದ್ರೆ ಹೊರಗಿನವರ ಹತ್ರ ನಿಮ್ಮ ಕೆಲಸದ ಬಗ್ಗೆ ಒಂದು ಮಾತು ಕೆಟ್ಟದಾಗಿ ಆಡಿಲ್ಲ ನಾನು.”

ಮರುದಿನ ಅವನು ಅಂಗಡಿ ತೆರೆಯಲಿಲ್ಲ. ನೆಟ್ಟಗೆ ಭವನದ ಗೇಟಿಗೆ ಹೋಗಿ, ಆ ಅಧಿಕಾರಿಯನ್ನು ಕರೆಸಿ, ವಿಗ್ಗಿನ ಮಾತು ಕಟ್ಟಿದವನು ತಾನೆಂದೂ ಹೆಂಡತಿಯದೇನೂ ತಪ್ಪಿಲ್ಲವೆಂದೂ ಹೇಳಿದ.

ಅಧಿಕಾರಿ ನಕ್ಕ. “ಗೊತ್ತು ಬಿಡಿ. ಮೇಡಂ ಈ ವಾರ ಪ್ರವಾಸದಲ್ಲಿದ್ದಾರೆ, ಅದಕ್ಕೆ ಕಾರು ಕಳಿಸಿಲ್ಲ. ನಾನು ಅಂಗಡಿಗೆ ಬಂದ ದಿನವೇ ನಿಮ್ಮ ಮನೆಯವ್ರು ಮೇಡಂಗೆ ಫೋನು ಮಾಡಿ, ‘ನಮ್ಮ ಯಜಮಾನ್ರ ಕೆಲಸ ಇದು, ಹೊಟ್ಟೆಕಿಚ್ಚು, ಕ್ಷಮಿಸಿ’ ಅಂದ್ರಂತೆ. ಮೇಡಂ ತುಂಬ ನಕ್ಕರಂತೆ. ನಿಮ್ಮ ವಿಷಯ ಅವ್ರಿಗೆ ಎಲ್ಲಾ ಗೊತ್ತು. ನಿಮ್ಮ ಗೊರಕೆ, ನೀವು ಸೊಸೈಟಿ ಚುನಾವಣೇಲಿ ಸೋತಿದ್ದು…”

ದರಬಾರಿ ಮನೆಯ ಕಡೆ ನಡೆದ. ಹೆಂಡತಿಯ ಕೆಲಸ ಉಳಿಯಿತೆಂಬ ಸಮಾಧಾನ ಬೀದಿಯ ತಿರುವಿನವರೆಗೂ ಬಾಳಲಿಲ್ಲ. ತನ್ನ ಹತ್ತಿರ ಹೂಂ, ಉಹೂಂ ಬಿಟ್ಟು ಮಾತಾಡದವಳು ಅಲ್ಲಿ ಕೂತು ಇಷ್ಟೆಲ್ಲ ಹರಟುತ್ತಾಳೆ. ಅಧ್ಯಕ್ಷರ ಜೊತೆ ತನಗಿಲ್ಲದ ಸಲುಗೆ ಅವಳಿಗಿದೆ ಎಂದು ಇಷ್ಟು ದಿನ ಉರಿದಿದ್ದ. ಈಗ ಹೆಂಡತಿಯ ಜೊತೆ ತನಗಿಲ್ಲದ ಸಲುಗೆ ಅಧ್ಯಕ್ಷರಿಗಿದೆ ಎಂದು ಹೊಸದಾಗಿ ಉರಿಯತೊಡಗಿದ.

ಅವಧಿ ಮುಗಿಸಿ ಅಧ್ಯಕ್ಷೆಯೂ ಮಾಜಿಯಾದರು. ಐದನೆಯವರು ತಮ್ಮದೇ ಊರಿನ ಕ್ಷೌರಿಕನನ್ನು ಕರೆತಂದರು. ಕಪ್ಪು ಕಾರು ಇಬ್ಬರಿಗೂ ತಪ್ಪಿತು. ಆದರೆ ಡಾಕ್ಟರಮ್ಮ ಬಿಡಲಿಲ್ಲ. ಆಟೋ ಹತ್ತಿ ಪರದೆಯಾಚೆಯ ಕೋಣೆಗೇ ಬರತೊಡಗಿದರು, ಅದೂ ಶನಿವಾರ ಬೆಳಿಗ್ಗೆಯೇ. ಇಬ್ಬರು ಮಾಜಿಗಳು ಬಾಗಿಲಲ್ಲಿ ಎದುರಾದರೆ ತಲೆಯಾಡಿಸುವರು, ಅಷ್ಟೆ.

ಹಾಗೊಂದು ಶನಿವಾರ ಪರದೆಯಾಚೆಯಿಂದ ಇಬ್ಬರು ಹೆಂಗಸರ ನಗು ಕೇಳಿಸಿತು. ಕುರ್ಚಿಯಲ್ಲಿದ್ದ ಮಾಜಿ ತಲೆ ಎತ್ತಿದರು.

“ಏನಂತೆ? ನನ್ನ ವಿಷಯನಾ?”

“ಅಲ್ಲಾಡಬೇಡಿ ಸಾರ್” ಎಂದ ದರಬಾರಿ. “ನನ್ನ ವಿಷಯ ಇರ್ಬೇಕು.” ಕತ್ತರಿಯ ಸದ್ದು ಅಡ್ಡ ಬರದಿರಲೆಂದು ಅದನ್ನು ಕೆಳಗಿಟ್ಟು, ಬಾಚಣಿಗೆ ಮಾತ್ರ ಆಡಿಸುತ್ತ, ಕಿವಿಗೊಟ್ಟು ನಿಂತ.