ಆರು ತಿಂಗಳ ನಿವಾಸಿ

ಬೇಟೆಯ ಲೈಸೆನ್ಸಿಗೆ ನಾನು ಮೊದಲ ಸಲ ಅರ್ಜಿ ಹಾಕಿದ್ದು ಒಂದು ಅಂಗಡಿಯ ಕೌಂಟರಿನಲ್ಲಿ ಎಂದು ಹನ್ನೊಂದು ವರ್ಷ ನಂಬಿಕೊಂಡಿದ್ದೆ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ಹೆಂಗಸೊಬ್ಬಳು ಕೌಂಟರಿನ ಆ ಕಡೆಯಿಂದ "ರೆಸಿಡೆಂಟಾ?" ಎಂದು ಕೇಳಿದಳು. "ಇಲ್ಲ, ವೀಸಾದಲ್ಲಿದ್ದೇನೆ" ಎಂದೆ. ಆಕೆ ತುಟಿ ಒತ್ತಿಕೊಂಡು ನಾನ್‌ರೆಸಿಡೆಂಟ್ ಎಂಬ ಚೌಕದಲ್ಲಿ ಗುರುತು ಹಾಕಿದಳು. ಗುರುತು ಹಾಕಿದ್ದು ಆಕೆ, ನಾನಲ್ಲ. ಈ ನೆನಪು ನನಗೆ ಇಷ್ಟು ಅನುಕೂಲವಾಗಿದೆ ಎನ್ನುವುದೇ ಈಗ ಅದರ ಮೇಲಿನ ನನ್ನ ಅನುಮಾನಕ್ಕೆ ಕಾರಣ.

ಬೇಟೆ ನಮ್ಮ ಮನೆತನದ್ದೇನೂ ಅಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಕೋಳಿ ತಿನ್ನುತ್ತಿದ್ದರು, ಅದೂ ಭಾನುವಾರ ಮಾತ್ರ. ಓದಿದ್ದು ಸಂಖ್ಯಾಶಾಸ್ತ್ರ. ಕೆಲಸ ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ಒಂದು ಆಫೀಸಿನಲ್ಲಿ, ಔಷಧಗಳ ಪರೀಕ್ಷೆಯ ಲೆಕ್ಕಾಚಾರ. ಗ್ರೀನ್ ಕಾರ್ಡಿನ ಅರ್ಜಿ ಹಾಕಿದ ಮೇಲೆ ಆ ಕೆಲಸವನ್ನು ಬಿಡುವಂತಿರಲಿಲ್ಲ. ಕೆಲಸದ ಹೆಸರು, ಊರು, ಜವಾಬ್ದಾರಿ ಏನು ಬದಲಾದರೂ ಮೊದಲು ವಕೀಲರನ್ನು ಕೇಳಬೇಕು. ಹೀಗೆ ಒಂದೇ ಕುರ್ಚಿಯಲ್ಲಿ ಕೂತು ಕೂತು ಕಾಲು ಜೋಮು ಹಿಡಿದ ಹಾಗಾಗಿದ್ದಾಗ ಗೆಳೆಯನೊಬ್ಬ ಬೆಟ್ಟಕ್ಕೆ ಕರೆದ. ಧಾರವಾಡ ಕಡೆಯವನು, ನನಗಿಂತ ಹತ್ತು ವರ್ಷ ಮುಂಚೆ ಬಂದವನು, ಆಗಲೇ ಈ ದೇಶದ ಪ್ರಜೆ. ವಾಲ್ನಟ್ ಕ್ರೀಕಿನ ಅವನ ಗ್ಯಾರೇಜಿನಲ್ಲಿ ಬಿಲ್ಲು, ಬಾಣ, ದೊಡ್ಡ ಫ್ರೀಜರು ಎಲ್ಲ ಇದ್ದವು. ವೀಸಾದವರಿಗೆ ಬಂದೂಕಿನ ಕಾನೂನು ಬಹಳ ತೊಡಕು. ಬಿಲ್ಲಿಗೆ ಆ ತೊಡಕಿಲ್ಲ. ನಾನು ಬಿಲ್ಲು ಕಲಿತೆ.

ಇಲ್ಲಿ ಕಾಡಿನ ಪ್ರಾಣಿ ಸರಕಾರದ್ದು. ಹೊಡೆಯಬೇಕಾದರೆ ಲೈಸೆನ್ಸಿನ ಜೊತೆ ಒಂದು ಟ್ಯಾಗು ಬೇಕು. ಟ್ಯಾಗೆಂದರೆ ಹೊಡೆದ ಪ್ರಾಣಿಯ ಕೊಂಬಿಗೆ ಕಟ್ಟುವ ಚೀಟಿ. ಒಂದು ಚೀಟಿಗೆ ಒಂದೇ ಪ್ರಾಣಿ. ನಮ್ಮ ಸುತ್ತಲ ಬೆಟ್ಟಗಳ ಜಿಂಕೆಯ ಟ್ಯಾಗು ಸುಲಭವಾಗಿ ಸಿಗುತ್ತದೆ. ಕಡವೆಗಿಂತ ದೊಡ್ಡದಾದ ಎಲ್ಕ್‌ನದು ಹಾಗಲ್ಲ. ಎಷ್ಟು ಟ್ಯಾಗು ಎಂಬುದನ್ನು ರಾಜ್ಯ ಪ್ರತಿ ವರ್ಷ ನಿಗದಿ ಮಾಡುತ್ತದೆ, ಜೂನ್ ಮೊದಲಲ್ಲಿ ಅರ್ಜಿ ಮುಗಿಯುತ್ತದೆ, ಆಮೇಲೆ ಲಾಟರಿ. ಸಿಗದವರಿಗೆ ಒಂದು ಪಾಯಿಂಟು. ಪಾಯಿಂಟು ಹೆಚ್ಚಿದ್ದವರಿಗೆ ಮುಂದಿನ ಸಲ ಆದ್ಯತೆ. ಐದು ವರ್ಷ ಸತತವಾಗಿ ಅರ್ಜಿ ಹಾಕದಿದ್ದರೆ ಕೂಡಿಟ್ಟ ಪಾಯಿಂಟುಗಳೆಲ್ಲ ಹೋಗುತ್ತವೆ. ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಲ್ಕ್ ಬೇಕೆಂದಿದ್ದು ನನ್ನ ಮಗಳು. ಅವಳಿಗೆ ಆಗ ಹತ್ತು ವರ್ಷ. ಸ್ಯಾನ್ ಹೊಸೆಯ ದಕ್ಷಿಣಕ್ಕೆ ಫ್ರೀವೇಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ಎಡಗಡೆಯ ಒಣಹುಲ್ಲಿನ ಗುಡ್ಡದ ಮೇಲೆ ಒಂದು ಹಿಂಡು ನಿಂತಿತ್ತು. ಹಿಂದಿನ ಸೀಟಿನಿಂದ ಅವಳು, "ಅಪ್ಪ, ಅವು ನಮ್ಮನ್ನೇ ನೋಡ್ತಿವೆ" ಎಂದಳು. ಆಮೇಲೆ, "ನಾವೂ ಅಲ್ಲಿಗೆ ಹೋಗೋಣ." ಅದನ್ನು ಹೇಳಿದ್ದು ನೀನೇ ಎಂದು ಅವಳು ವಾದಿಸುತ್ತಾಳೆ. ಇರಬಹುದು. ಅಂತೂ ಹನ್ನೆರಡು ತುಂಬಿ ಬೇಟೆಯ ಸುರಕ್ಷತೆಯ ಪರೀಕ್ಷೆ ಪಾಸು ಮಾಡಿದ ವರ್ಷವೇ ಅವಳ ಹೆಸರಲ್ಲೂ ಅರ್ಜಿ ಹಾಕಿದೆ. ಸ್ಯಾನ್ ಹೊಸೆಯ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಹಿಂದಿನ ಬೆಟ್ಟಗಳಲ್ಲಿ ಪ್ರತಿ ಬೇಸಿಗೆಯೂ ಇಬ್ಬರೂ ಜಿಂಕೆಗಾಗಿ ಅಲೆದೆವು. ಎರಡು ಸಲ ಸಿಕ್ಕಿತು, ಎರಡೂ ಸಲ ಅವಳಿಗೆ. ನನ್ನ ಹೆಂಡತಿಯ ತವರು ಪಕ್ಕಾ ಸಸ್ಯಾಹಾರಿ. ಮಾಂಸ ಗೆಳೆಯನ ಗ್ಯಾರೇಜಿನ ಫ್ರೀಜರು ಸೇರುತ್ತಿತ್ತು.

"ಅಪ್ಪ ಮಗಳು ಎಷ್ಟು ಬೇಕಾದ್ರೂ ಅಲೀರಿ. ನನ್ನ ಸಿಂಕಿಗೆ ಮಾತ್ರ ಅದು ಬರಬಾರದು" ಎನ್ನುತ್ತಿದ್ದಳು ಹೆಂಡತಿ. "ಎಲ್ಕ್ ಸಿಕ್ಕಿದ್ರೆ ಏನ್ರೀ ಮಾಡ್ತೀರಾ? ಅದು ನಮ್ಮ ಕಾರಿಗಿಂತ ದೊಡ್ಡದಿದೆ."

"ಸಿಕ್ಕಾಗ ನೋಡೋಣ."

"ಅದೂ ಸರಿ. ಸಿಗೋದು ಯಾವ ಕಾಲಕ್ಕೋ."

ಕಳೆದ ವರ್ಷ ಮಾತ್ರ ಯಾವ ಕಾಲಕ್ಕೋ ಎನ್ನುವಂತಿರಲಿಲ್ಲ. ಮಗಳಿಗೆ ಇಪ್ಪತ್ತೊಂದು ತುಂಬುವುದರಲ್ಲಿತ್ತು. ಮೂರು ವರ್ಷದವಳಾಗಿ ಈ ದೇಶಕ್ಕೆ ಬಂದವಳು. ಇಪ್ಪತ್ತೊಂದು ತುಂಬಿದ ದಿನ ನನ್ನ ಗ್ರೀನ್ ಕಾರ್ಡಿನ ಫೈಲಿನಿಂದ ಅವಳ ಹೆಸರು ಬಿದ್ದುಹೋಗುತ್ತದೆ. ಆಮೇಲೆ ಅವಳು ಇಲ್ಲಿ ಇರಬೇಕೆಂದರೆ ಪರದೇಶದ ವಿದ್ಯಾರ್ಥಿಯಾಗಿ ಮೊದಲಿಂದ ಶುರು ಮಾಡಬೇಕು. ಅವಳು ಅದಕ್ಕೆ ಒಪ್ಪಲಿಲ್ಲ. ಕಾಲೇಜನ್ನು ಒಂದು ವರ್ಷ ಮುಂಚೆಯೇ ಮುಗಿಸಿ ಕೆನಡಾದ ವ್ಯಾಂಕೂವರಿನಲ್ಲಿ ಎಂಎಸ್‌ಗೆ ಸೀಟು ಹಿಡಿದಿದ್ದಳು. ತರಗತಿ ಸೆಪ್ಟೆಂಬರ್ ಕೊನೆಗೆ. ನಾವು ಕೇಳುತ್ತಿದ್ದ ಎಲ್ಕ್ ಬೇಟೆ ಆಗಸ್ಟ್‌ನಲ್ಲೇ ಶುರುವಾಗುತ್ತಿತ್ತು. ಇಬ್ಬರೂ ಒಟ್ಟಿಗೆ ಹೋಗಬೇಕೆಂದರೆ ಆ ಲಾಟರಿಯೇ ಕೊನೆಯದು.

ಮೇ ತಿಂಗಳ ಒಂದು ಶನಿವಾರ ಊಟದ ಮೇಜಿನಲ್ಲಿ ಕೂತು ಅವಳು ತನ್ನ ಅರ್ಜಿಯನ್ನು ತಾನೇ ತುಂಬುತ್ತಿದ್ದಳು. ಅಷ್ಟು ವರ್ಷವೂ ತುಂಬಿದ್ದು ನಾನು.

"ಅಪ್ಪ, ನಮ್ಮಿಬ್ಬರದ್ದೂ ಯಾಕೆ ನಾನ್‌ರೆಸಿಡೆಂಟ್ ಅಂತಿದೆ?"

"ಗ್ರೀನ್ ಕಾರ್ಡ್ ಬಂದಿಲ್ವಲ್ಲ ಪುಟ್ಟಿ."

ಅವಳು ಸ್ವಲ್ಪ ಹೊತ್ತು ಓದಿದಳು. "ಇಲ್ಲಿ ಗ್ರೀನ್ ಕಾರ್ಡ್ ಅಂತ ಇಲ್ವೇ ಇಲ್ಲ. ಸಿಕ್ಸ್ ಮಂತ್ಸ್ ಅಂತಿದೆ. ಅರ್ಜಿಗೆ ಮುಂಚೆ ಆರು ತಿಂಗಳು ಕ್ಯಾಲಿಫೋರ್ನಿಯಾದಲ್ಲಿ ಇದ್ರೆ ರೆಸಿಡೆಂಟ್. ದಟ್ಸ್ ಇಟ್." ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದಳು. "ನೀನು ಇದನ್ನ ಓದೇ ಇಲ್ವಾ?"

ಓದಿದೆ. ಎರಡು ಸಾಲಿನ ವಿವರಣೆ. ಅದರ ಕೆಳಗೆ ಇನ್ನೊಂದು ನಿಯಮ: ಹೊರಗಿನವರಿಗೆಲ್ಲ ಸೇರಿ ಇಡೀ ರಾಜ್ಯದಲ್ಲಿ ವರ್ಷಕ್ಕೆ ಒಂದೇ ಎಲ್ಕ್ ಟ್ಯಾಗು. ಉಳಿದವೆಲ್ಲ ಇಲ್ಲಿನ ನಿವಾಸಿಗಳಿಗೆ. ಅಪ್ಪ ಮಗಳು ಇಬ್ಬರಿಗೂ ಒಂದೇ ವರ್ಷ ಟ್ಯಾಗು ಸಿಗುವ ಸಂಭವ ಇಷ್ಟು ವರ್ಷವೂ ಸೊನ್ನೆಯಾಗಿತ್ತು. ಸಂಭವವನ್ನು ಲೆಕ್ಕ ಹಾಕುವುದೇ ನನ್ನ ಉದ್ಯೋಗ. ಪ್ರತಿ ಮೇ ತಿಂಗಳಲ್ಲೂ ಯಾವ ವಲಯಕ್ಕೆ ಎಷ್ಟು ಅರ್ಜಿ ಎಂದು ಕೋಷ್ಟಕ ಮಾಡಿ ಅವಳಿಗೆ ತೋರಿಸುತ್ತಿದ್ದೆ. ನಾವು ಯಾವ ಸಾಲಿನಲ್ಲಿ ನಿಂತಿದ್ದೇವೆ ಎಂದು ಒಮ್ಮೆಯೂ ನೋಡಿರಲಿಲ್ಲ. ಟ್ಯಾಕ್ಸಿನ ಫಾರಮ್ಮಿನಲ್ಲಿ ರೆಸಿಡೆಂಟ್ ಎಂದೇ ಹಾಕುತ್ತಿದ್ದೆ, ಅವಳ ಕಾಲೇಜಿನ ಫಾರಮ್ಮಿನಲ್ಲೂ ಹಾಗೆಯೇ ಹಾಕಿದ್ದೆ. ಇಲ್ಲಿ ಮಾತ್ರ ಹಾಕಿರಲಿಲ್ಲ.

ಗೆಳೆಯನಿಗೆ ಫೋನು ಮಾಡಿ ಆ ಕೌಂಟರಿನ ಹೆಂಗಸಿನ ಮೇಲೆ ದೂರಿದೆ.

"ಯಾವ ಹೆಂಗಸೋ?" ಎಂದ ಅವನು. "ನಿನ್ನ ಮೊದಲನೇ ಲೈಸೆನ್ಸು ನಮ್ಮ ಮನ್ಯಾಗ, ನನ್ನ ಕಂಪ್ಯೂಟರಿನಾಗ ತಗೊಂಡಿದ್ದಿ. ನಾ ಬಾಜೂಕ ಕುಂತು ಚಹಾ ಕುಡೀಲಿಕ್ಕತ್ತಿದ್ದೆ. ರೆಸಿಡೆಂಟ್ ಅಂತ ಹಾಕಪಾ ಅಂತ ಹೇಳಿದ್ದೆ ನಿನಗ."

"ನೀನು ಹೇಳಿರಲಿಲ್ಲ."

"ಹೇಳಿದ್ದೆ. ಬ್ಯಾಡ, ಮುಂದ ಯಾರರ ಫೈಲು ತಗದು ನೋಡಿದ್ರ ಸುಳ್ಳು ಹೇಳ್ಯಾನ ಅಂತಾರ ಅಂದಿ. ಡಾಕ್ಟರೇಟ್ ಮಾಡಿದವಗ ನಾ ಏನು ಹೇಳ್ಲಿ ಅಂತ ಸುಮ್ನಾದೆ."

ಹಳೆಯ ರಸೀದಿ ಹುಡುಕಿದೆ. ಇಂಟರ್‌ನೆಟ್ಟಿನಲ್ಲಿ ಪಡೆದದ್ದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು, ಯಾವ ಅಂಗಡಿಯ ಹೆಸರೂ ಇರಲಿಲ್ಲ. ಹಾಗಾದರೆ ಹಣೆಯ ಮೇಲೆ ಕನ್ನಡಕ ಏರಿಸಿದ ಆ ಹೆಂಗಸು ಯಾರು? ಡ್ರೈವಿಂಗ್ ಲೈಸೆನ್ಸಿನ ಆಫೀಸಿನವಳಿರಬೇಕು. ವೀಸಾ ಮುಗಿಯುವ ದಿನಕ್ಕೇ ಲೈಸೆನ್ಸೂ ಮುಗಿಯುತ್ತದೆ ಎಂದು ಅಲ್ಲಿ ಯಾರೋ ತುಟಿ ಒತ್ತಿಕೊಂಡು ಹೇಳಿದ್ದು ನಿಜ. ಆ ತುಟಿ, ಆ ಕನ್ನಡಕ ಒಬ್ಬಳದೇ ಎಂದು ಈಗ ಪ್ರಮಾಣ ಮಾಡಿ ಹೇಳಲಾರೆ. ಗೆಳೆಯ ಹೇಳಿದ ಮಾತು ನಾನು ಆಡುವಂಥದ್ದೇ. ಆಡಿದ ನೆನಪು ಮಾತ್ರ ಇಲ್ಲ.

ತಪ್ಪು ಗೊತ್ತಾದ ಮೇಲೆ ಸರಿಪಡಿಸಲು ಐದು ನಿಮಿಷ ಸಾಕಿತ್ತು. ನಾನು ಎರಡು ವಾರ ತೆಗೆದುಕೊಂಡೆ. ಇಷ್ಟು ವರ್ಷ ಹೊರಗಿನವನು ಎಂದು ಬರೆದುಕೊಟ್ಟವನು ಇದ್ದಕ್ಕಿದ್ದಂತೆ ಇಲ್ಲಿಯವನು ಎಂದರೆ ಯಾರಿಗಾದರೂ ಅನುಮಾನ ಬರಬಹುದು ಎನಿಸಿತು. ವಕೀಲರಿಗೆ ಇಮೇಲು ಬರೆದೆ, ಉತ್ತರ ಬರಲಿಲ್ಲ. ವನ್ಯಜೀವಿ ಇಲಾಖೆಗೆ ಫೋನು ಮಾಡಿದೆ. ಅಲ್ಲಿಯ ಹೆಂಗಸು ನಾನು ವೀಸಾದ ಕತೆ ಮುಗಿಸುವವರೆಗೆ ತಾಳ್ಮೆಯಿಂದ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದಳು: ರಾತ್ರಿ ಮಲಗುವುದು ಎಲ್ಲಿ? ಸ್ಯಾನ್ ಹೊಸೆ ಎಂದೆ. ಎಷ್ಟು ಕಾಲದಿಂದ? ಹದಿನೇಳು ವರ್ಷದಿಂದ. ಆಕೆ ನಕ್ಕಳು. ಆರು ತಿಂಗಳಾದ ಮೇಲೆ ಒಮ್ಮೆ ಫೋನು ಮಾಡಬಹುದಿತ್ತಲ್ಲ ಎಂದಳು. ಕೂಡಿಟ್ಟ ಪಾಯಿಂಟುಗಳು ಹಾಗೇ ಉಳಿಯುತ್ತವೆ ಎಂದೂ ಹೇಳಿದಳು. ಇಷ್ಟಾದ ಮೇಲೂ ನಾನು ರೆಸಿಡೆಂಟ್ ಎಂಬ ಚೌಕ ಒತ್ತಲಿಲ್ಲ.

ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಮಗಳು ನನ್ನ ಮುಂದೆ ಬಂದು ನಿಂತಳು.

"ನೀನು ವೇಟ್ ಮಾಡ್ತಿರೋದು ಯಾರಿಗೆ?"

"ವಕೀಲರ ಉತ್ತರ ಬರಲಿ."

"ಅಪ್ಪ, ನಾವು ಎಲ್ಕ್ ಬಗ್ಗೆ ಮಾತಾಡ್ತಿದೀವಿ."

"ಫಾರಂ ಅಂದ್ರೆ ಫಾರಂ ಪುಟ್ಟಿ. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಹೋಗಲ್ಲ ಅಂತ ಹೇಗೆ ಹೇಳೋದು?"

"ನಾನಂತೂ ಹೋಗ್ತಿದೀನಲ್ಲ," ಎಂದಳು. ಕೋಪವೇನೂ ಇರಲಿಲ್ಲ ಧ್ವನಿಯಲ್ಲಿ. "ನೀನು ಎಲ್ಲಾ ಫಾರಮ್ಮೂ ಕರೆಕ್ಟಾಗಿ ತುಂಬಿದೆ. ಆದ್ರೂ ನಾನು ಹೋಗ್ಬೇಕು. ಸೋ?"

ಹೆಂಡತಿ ಒಲೆ ಆರಿಸಿ ಇತ್ತ ತಿರುಗಿದಳು. "ಹಾಕ್ರೀ ಅದನ್ನ," ಎಂದಳು. ಬೇಟೆಯ ವಿಷಯದಲ್ಲಿ ಅವಳು ನನ್ನ ಪರ ಮಾತಾಡಿದ್ದು ಅದೊಂದೇ ಸಲ. ಪರವೋ ವಿರುದ್ಧವೋ.

ಮರುದಿನ ಮಧ್ಯಾಹ್ನ ಹಾಕಿದೆವು. ರೆಸಿಡೆಂಟ್ ಚೌಕವನ್ನು ಮಗಳೇ ಒತ್ತಿದಳು. ನಿವಾಸಿಗಳಾದ್ದರಿಂದ ಇಬ್ಬರೂ ಸೇರಿ ಜೋಡಿ ಅರ್ಜಿ ಹಾಕಬಹುದಿತ್ತು. ಸಿಕ್ಕರೆ ಇಬ್ಬರಿಗೂ, ಇಲ್ಲದಿದ್ದರೆ ಇಬ್ಬರಿಗೂ ಇಲ್ಲ. ಪಾಯಿಂಟು ಇಬ್ಬರದ್ದರ ಸರಾಸರಿ. ನನ್ನ ಪಾಯಿಂಟು ಹೆಚ್ಚಿದ್ದುದರಿಂದ ಅವಳದು ನನ್ನನ್ನು ಕೆಳಗೆ ಎಳೆಯುತ್ತದೆ ಎಂದು ಅವಳು ಹಿಂಜರಿದಳು. ನಾನು ಬೇಗ ಬೇಗ ಅದನ್ನೂ ಒತ್ತಿಸಿದೆ. ಸಂಭವ ಎಷ್ಟೆಂದು ಅಂದು ಲೆಕ್ಕ ಹಾಕಲಿಲ್ಲ. ಸಣ್ಣದೇ, ಆದರೆ ಸೊನ್ನೆಯಲ್ಲ ಎಂಬುದು ಗೊತ್ತಿತ್ತು. ಅವಳು ನಮ್ಮ ಗ್ಯಾರೇಜಿಗೆ ಹೋಗಿ ತನ್ನ ಬಿಲ್ಲಿನ ದಾರಕ್ಕೆ ಮೇಣ ಹಚ್ಚಿದಳು. ವಕೀಲರ ಉತ್ತರ ಅದಾದ ನಾಲ್ಕನೆಯ ದಿನ ಬಂತು. ಒಂದೇ ಸಾಲು: ಇದಕ್ಕೂ ನಿಮ್ಮ ಫೈಲಿಗೂ ಸಂಬಂಧವಿಲ್ಲ.

ಜೂನ್ ಮಧ್ಯದಲ್ಲಿ ಫಲಿತಾಂಶ ಬಂದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಮೇಜಿನ ಕೆಳಗೆ ಫೋನಿಟ್ಟುಕೊಂಡು ನೋಡಿದೆ. ಸಿಗಲಿಲ್ಲ. ಇಬ್ಬರಿಗೂ ಒಂದೊಂದು ಪಾಯಿಂಟು. ಮಗಳು ಆಗಲೇ ನೋಡಿ ನನಗೆ ಮೆಸೇಜು ಕಳಿಸಿದ್ದಳು: "ಇಟ್ಸ್ ಓಕೆ ಅಪ್ಪ." ಇಷ್ಟು ವರ್ಷ ಸಿಗದಾಗ ನನಗೆ ಹೀಗಾಗಿರಲಿಲ್ಲ. ಆಗೆಲ್ಲ ಲಾಟರಿ ಎಂದುಕೊಳ್ಳುತ್ತಿದ್ದೆ. ಮೊದಲಿನಿಂದ ಸರಿಯಾದ ಸಾಲಿನಲ್ಲಿ ನಿಂತಿದ್ದರೆ ಸಿಗುತ್ತಿತ್ತೇ? ಹೇಳಲು ಬರುವುದಿಲ್ಲ. ಬಹುಶಃ ಆಗಲೂ ಸಿಗುತ್ತಿರಲಿಲ್ಲ. ಆ ಬಹುಶಃ ಎಂಬ ಪದವನ್ನು ಆಫೀಸಿನ ವರದಿಗಳಲ್ಲಿ ನಾನು ಯಾರಿಗೂ ಬಳಸಲು ಬಿಡುವುದಿಲ್ಲ.

ಆಗಸ್ಟ್ ಕೊನೆಯ ವಾರ ಅವಳು ಹೋದಳು. ಅವಳ ಬಿಲ್ಲು ಗ್ಯಾರೇಜಿನ ಗೋಡೆಯ ಮೇಲೆಯೇ ಇದೆ. ನೋಡಿ ಬರೋಣವೆಂದರೆ, ಇಲ್ಲಿರಲು ಅನುಮತಿ ಇದ್ದರೂ ಗಡಿ ದಾಟಿ ಮರಳಲು ಬೇಕಾದ ನನ್ನ ಪಾಸ್‌ಪೋರ್ಟಿನ ವೀಸಾ ಮುಗಿದು ಎಷ್ಟೋ ಕಾಲವಾಗಿದೆ. ಈಗ ಗಡಿ ದಾಟದಿದ್ದರೆ ಒಳ್ಳೆಯದು ಎಂದು ವಕೀಲರು ಹೇಳುತ್ತಾರೆ. ಅವಳು ಇಲ್ಲಿಗೆ ಬರಬೇಕೆಂದರೂ ವೀಸಾಕ್ಕೆ ಸಾಲು ನಿಲ್ಲಬೇಕು. ಫಾಸ್ಟರ್ ಸಿಟಿಯ ಅದೇ ಕುರ್ಚಿಯಲ್ಲಿ ಕೂತು ಅವಳ ಊರಿನ ಹವಾಮಾನ ನೋಡುತ್ತೇನೆ.

ಈ ವರ್ಷ ಮೇ ತಿಂಗಳ ಒಂದು ಭಾನುವಾರ ಅವಳೇ ಫೋನು ಮಾಡಿದಳು.

"ಅಪ್ಪ, ಎಲ್ಕ್ ಅರ್ಜಿ ಓಪನ್ ಆಗಿದೆ. ನಾನು ಏನ್ ಹಾಕ್ಲಿ?"

ನಾನು ನಿಯಮ ತೆರೆದು ಆ ಎರಡು ಸಾಲು ಓದಿದೆ. ಅವಳು ಕ್ಯಾಲಿಫೋರ್ನಿಯಾ ಬಿಟ್ಟು ಒಂಬತ್ತು ತಿಂಗಳಾಗಿತ್ತು.

"ನಾನ್‌ರೆಸಿಡೆಂಟ್ ಹಾಕು."

"ಈ ಸಲ ಶೂರಾ?"

"ಎರಡು ಸಲ ಓದಿದೆ."

"ಹಾಗಾದ್ರೆ ಆ ಒಂದೇ ಒಂದು ಟ್ಯಾಗು."

"ಹೌದು. ಈ ವರ್ಷ ಹಾಕದೇ ಇದ್ರೂ ನಡೆಯುತ್ತೆ. ಪಾಯಿಂಟು ಐದು ವರ್ಷದವರೆಗೂ ಇರುತ್ತೆ."

ಆ ಕಡೆ ಕೀಬೋರ್ಡಿನ ಸದ್ದು ಕೇಳುತ್ತಿತ್ತು. "ನಂಗೆ ಸಿಕ್ತು ಅನ್ಕೋ. ವೀಸಾನೂ ಸಿಕ್ತು ಅನ್ಕೋ. ಟ್ಯಾಗಿಲ್ದೆ ನೀನು ನನ್ ಜೊತೆ ಬರ್ಬೋದಾ?"

"ಬರಬಹುದು. ಬಿಲ್ಲು ಹಿಡಿಯೋ ಹಾಗಿಲ್ಲ ಅಷ್ಟೆ."

"ನೀರು ಹೊತ್ಕೊಂಡು ಬಾ," ಎಂದಳು. "ಹಾಕ್ದೆ ನೋಡು. ಸಬ್ಮಿಟ್."

ಫೋನಿಟ್ಟ ಮೇಲೆ ನನ್ನದನ್ನು ತೆರೆದೆ. ಹೋದ ವರ್ಷದ ವಿವರಗಳೆಲ್ಲ ತಾವಾಗಿಯೇ ತುಂಬಿಕೊಂಡಿದ್ದವು. ರೆಸಿಡೆಂಟ್ ಎಂಬಲ್ಲಿ ಅವಳು ಒತ್ತಿದ ಗುರುತು ಹಾಗೇ ಇತ್ತು. ಜೋಡಿ ಅರ್ಜಿಗೆ ಜೊತೆಗಾರರ ವಿವರ ಕೇಳುವ ಜಾಗ ಖಾಲಿ ಬಿಟ್ಟು, ಒಬ್ಬನ ಅರ್ಜಿ ಕಳಿಸಿದೆ.