ದಾರದಿಂದ ಬ್ರೆಡ್ ಕೊಯ್ಯುತ್ತಿದ್ದ ಮೆಟಿಲ್ಡಾ ಆಂಟಿ

ಮೆಟಿಲ್ಡಾ ಆಂಟಿ ಬ್ರೂಡರಿಗೆ ಚಾಕು ತಾಗಿಸುತ್ತಿರಲಿಲ್ಲ. ಹೊಲಿಗೆ ಯಂತ್ರದ ಉರುಳೆಯಿಂದ ಮೊಳದುದ್ದ ಕಪ್ಪು ದಾರ ಎಳೆದು, ಹಲ್ಲಿನಿಂದ ಕಡಿದು, ಬ್ರೆಡ್ಡಿನ ಅಡಿಗೆ ತೂರಿಸಿ, ಎರಡು ತುದಿಗಳನ್ನೂ ಮೇಲೆ ತಂದು ಕತ್ತರಿಯಂತೆ ಎಳೆದರೆ ಹೋಳು ಸದ್ದಿಲ್ಲದೆ ಬೀಳುತ್ತಿತ್ತು. ಚೂರು ಕೂಡ ಉದುರುತ್ತಿರಲಿಲ್ಲ. ದಾರ ಕಪ್ಪೋ ಬಿಳಿಯೋ, ಈಗ ಆಣೆಯಿಟ್ಟು ಹೇಳಲಾರೆ.

ಬ್ರೂಡರ್ ಎಂದರೆ ಒಣದ್ರಾಕ್ಷಿ ಹಾಕಿದ ಸಿಹಿ ಬ್ರೆಡ್. ಡಚ್ಚರು ಕೊಚ್ಚಿ ಬಿಟ್ಟು ಇನ್ನೂರು ವರ್ಷ ದಾಟಿದರೂ ಫೋರ್ಟ್ ಕೊಚ್ಚಿಯ ಕೆಲವು ಮನೆಗಳಲ್ಲಿ ಅದಿಲ್ಲದೆ ಹೊಸವರ್ಷದ ಬೆಳಗಾಗುವುದಿಲ್ಲ.

ಅಪ್ಪ ಬ್ಯಾಂಕಿನ ಕೆಲಸದಲ್ಲಿ ಕಾಸರಗೋಡಿನಿಂದ ವರ್ಗವಾಗಿ ಬಂದಾಗ ನಾವು ಆಂಟಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಮಲಯಾಳದಲ್ಲಿ ಉತ್ತರಿಸುತ್ತಿದ್ದೆ. “ನಿನ್ನ ನಾಲಗೆ ಚಂದ್ರಗಿರಿ ಹೊಳೆಗೆ ಬಿದ್ದುಹೋಯಿತಾ ಮಾರಾಯ?” ಎಂದು ಅವರು ರೇಗುವಾಗ, ಕೆಳಗೆ ಚರ್ಚಿಗೆ ಹೋಗುವ ಮಕ್ಕಳ ಬಿಳಿ ಫ್ರಾಕ್ ಹೊಲಿಯುತ್ತಿದ್ದ ಆಂಟಿ ನಗುವುದು ಕೇಳಿಸುತ್ತಿತ್ತು.

ಸಂಜೆ ಜಗಲಿಯಲ್ಲಿ ಚಹಾ ಕುಡಿಯುತ್ತ ಅಪ್ಪ ನಮ್ಮ ಮನೆತನದ ಕಥೆ ಹೇಳುತ್ತಿದ್ದರು. ಇಕ್ಕೇರಿ ಅರಸರ ಕಾಲದಲ್ಲಿ ಕಾಸರಗೋಡಿನ ಕೋಟೆ ಕಾಯಲು ಘಟ್ಟ ಇಳಿದು ಬಂದವರು ನಾವು, ಅರಸರು ಹೋದರು, ಕಂಪೆನಿ ಬಂತು, ನಾವು ಅಲ್ಲೇ ಉಳಿದೆವು ಎಂದು. ಆಂಟಿ ಕಣ್ಣರಳಿಸಿ ಕೇಳಿ, “ಪಟ್ಟಾಳದವರೇ, ಸಿಪಾಯಿಗಳೇ ಮಹಡಿಯಲ್ಲಿದ್ದಾರೆ, ಇನ್ನು ಕಳ್ಳರ ಭಯವಿಲ್ಲ ಸಾರ್” ಎನ್ನುತ್ತಿದ್ದರು.

ಅವರದ್ದೂ ಒಂದು ಕಥೆಯಿತ್ತು. ಡಚ್ ಹಡಗಿನಲ್ಲಿ ಹಾಯಿ ಹೊಲಿಯುವವನೊಬ್ಬ. ನಾವಿಕರು ಬಡಿದಾಡಿದ್ದಕ್ಕೆ ಕಪ್ತಾನ ಎಲ್ಲರ ಚಾಕು ಕಸಿದುಕೊಂಡ. ಇವನು ಹಾಯಿಯ ದಾರದಿಂದಲೇ ಬ್ರೆಡ್ ಕೊಯ್ದು ಹಂಚಿದ. ಕೊಚ್ಚಿಗೆ ಮುಟ್ಟುವಾಗ ಜ್ವರ. ದಡದಲ್ಲಿ ಬಿಟ್ಟು ಹಡಗು ಹೊರಟುಹೋಯಿತು. ಕಡಲ ಬದಿಯ ಒಬ್ಬ ವಿಧವೆ ಅವನಿಗೆ ಗಂಜಿ ಕುಡಿಸಿ ಬದುಕಿಸಿದಳು. ಆಂಟಿ ಅವಳ ಹೆಸರನ್ನು ತುಸು ಎಳೆದು, ಪ್ರಾರ್ಥನೆಯಂತೆ ಹೇಳಿ ಕೊನೆಗೆ, “ಆ ಗಂಜಿಯ ಮಕ್ಕಳು ನಾವು” ಎನ್ನುತ್ತಿದ್ದರು.

ನಾನು ತಿರುವನಂತಪುರಕ್ಕೆ ಸಂಶೋಧನೆಗೆ ಹೊರಟಾಗ, ನನ್ನನ್ನು ಮಗನೆಂದೇ ಕರೆಯುತ್ತಿದ್ದ ಆಂಟಿ ಒಂದೇ ಒಂದು ಕೆಲಸ ಹೇಳಿದರು. “ಮೋನೇ, ನೀನು ಓದಿದವನು. ಈ ಕಥೆ ಚೆನ್ನಾಗಿ ಬರೆದುಕೊಡು. ಮಗಳಿಗೆ ಕೇಳಲು ಪುರುಸೊತ್ತಿಲ್ಲ, ಆನ್ ಇನ್ನೂ ಚಿಕ್ಕವಳು. ದೊಡ್ಡವಳಾದ ಮೇಲೆ ಓದಲಿ.” ಆನ್ ಅವರ ಮೊಮ್ಮಗಳು.

ನಾನು ಬರೆದದ್ದು ಪ್ರಬಂಧ. ಅದನ್ನು ವಿಶ್ವವಿದ್ಯಾಲಯದ ವಿಚಾರ ಸಂಕಿರಣದಲ್ಲಿ ಓದುವುದಿತ್ತು. ನಿಮ್ಮ ಮನೆಯ ಬಗ್ಗೆಯೇ ಮಾತಾಡುತ್ತೇನೆ, ಬನ್ನಿ ಎಂದು ನಾನೇ ಕರೆದೆ. ಆಂಟಿ ತಾವೇ ಹೊಲಿದ ನೀಲಿ ಉಡುಪು ತೊಟ್ಟು, ಎರಡು ಬ್ರೂಡರ್ ಕಟ್ಟಿಕೊಂಡು, ಬೆಳಗಿನ ರೈಲಿನಲ್ಲಿ ಬಂದು ಎರಡನೆಯ ಸಾಲಿನಲ್ಲಿ ಕುಳಿತರು.

ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಇಂಥ ಕುಟುಂಬಗಳ ಹತ್ತಿರ ಕಾಗದವಿಲ್ಲ. ಅಡ್ಡಹೆಸರು ಪೋರ್ಚುಗೀಸರದ್ದು, ಹೇಳಿಕೊಳ್ಳುವ ಅಜ್ಜ ಡಚ್ಚರವನು. ಆಳಿದವರು ಹೋದ ಮೇಲೂ ನೆರೆಯವರಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಲು ಬಿಳಿಯ ಅಜ್ಜನನ್ನು ಹುಟ್ಟಿಸಿಕೊಳ್ಳುತ್ತಾರೆ ಎಂದೆ. “ಬ್ರೆಡ್ಡೇ ಇವರ ದಾಖಲೆ” ಎಂದಾಗ ಸಭೆ ನಕ್ಕಿತು. ಕಾನ್ವೆಂಟಿನಲ್ಲಿ ಓದಿದ ಆಂಟಿಯ ಇಂಗ್ಲಿಷ್ ನನ್ನದಕ್ಕಿಂತ ಶುದ್ಧವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವರು ಹೆಮ್ಮೆಪಡುತ್ತಾರೆಂದೇ ನಂಬಿದ್ದೆ.

ಚಹಾದ ಹೊತ್ತಿಗೆ ಆಂಟಿ ಚೀಲದಿಂದ ದಾರ ತೆಗೆದು, ನಕ್ಕವರಿಗೆಲ್ಲ ಬ್ರೂಡರ್ ಕೊಯ್ದು ಕೊಟ್ಟರು. ಕೊನೆಯ ಹೋಳು ನನ್ನ ಕೈಗಿಡುತ್ತ ಕೇಳಿದರು, “ನಿನ್ನ ಅಪ್ಪ ಕೋಟೆಯ ಕಥೆ ಹೇಳಿದಾಗ ನಾನು ಯಾವ ಕಾಗದ ಕೇಳಿದ್ದೆ, ಮೋನೇ?”

ಅಲ್ಲೇ ಕೇಳಿದರೋ, ತಂಪಾನೂರಿನ ರೈಲು ನಿಲ್ದಾಣದಲ್ಲೋ? ಅಥವಾ ಕೇಳಲೇ ಇಲ್ಲವೋ, ನನ್ನ ಮನಸ್ಸು ಆಮೇಲೆ ಹೊಲಿದುಕೊಂಡ ಮಾತೋ? ತಿಳಿಯದು. ಆ ಸಭೆಯಲ್ಲಿ ಯಾರಾದರೂ ಅಪ್ಪನ ಕೋಟೆಯ ಕಥೆಗೆ ಕಾಗದ ಕೇಳಿದ್ದರೆ ನನ್ನ ಬಳಿ ತೋರಿಸಲು ಏನಿತ್ತು?

ಮುಂದಿನ ಹೊಸವರ್ಷಕ್ಕೆ ಹೋದಾಗ ದಾರವಿತ್ತು, ಕಥೆಯಿರಲಿಲ್ಲ. ಎಳೆಯ ಆನ್ ಕೇಳಿದಳು, “ಅಮ್ಮಾಮ್ಮ, ದಾರ ಯಾಕೆ?”

“ಚಾಕು ಮೊಂಡಾಗಿದೆ” ಎಂದರು ಆಂಟಿ. ನನ್ನತ್ತ ನೋಡಲೂ ಇಲ್ಲ. ಆಗಲೇ ನಾನು ಬಾಯಿ ಬಿಡಬಹುದಿತ್ತು. ಬಾಯಿ ತುಂಬ ಬ್ರೂಡರ್ ಇತ್ತು, ಅಗಿಯುತ್ತ ಕುಳಿತೆ. ಆಮೇಲೆ ಹೋಗುವುದನ್ನೇ ಬಿಟ್ಟೆ.

ಕಳೆದ ವರ್ಷ ಆಂಟಿ ತೀರಿಕೊಂಡರು. ಏಳನೆಯ ದಿನದ ಪ್ರಾರ್ಥನೆಗೆ ಹೋದೆ. ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಈಗ ತಿರುವನಂತಪುರದ ಬಳಿಯ ಕಳಕ್ಕೂಟಂನಲ್ಲಿ ಕೆಲಸದಲ್ಲಿರುವ ಆನ್ ಬ್ರೂಡರನ್ನು ಚಾಕುವಿನಿಂದ ಕತ್ತರಿಸುತ್ತಿದ್ದಳು. ತಟ್ಟೆಯ ತುಂಬ ಚೂರು.

“ಅಂಕಲ್, ದಾರದ್ದೇನು ಕಥೆ? ಆಸ್ಪತ್ರೆಯಲ್ಲಿ ಅಮ್ಮಾಮ್ಮನನ್ನು ಕೇಳಿದೆ. ‘ಮಹಡಿಯ ಹುಡುಗನ ಹತ್ತಿರ ಬರೆಯಲು ಕೊಟ್ಟಿದ್ದೇನೆ, ಅವನನ್ನು ಕೇಳು’ ಎಂದರು.”

ಹಡಗು, ಕಪ್ತಾನ, ಜ್ವರ, ಗಂಜಿ ಎಲ್ಲ ಹೇಳಿದೆ. ಆನ್ ಚಾಕು ಕೆಳಗಿಟ್ಟು ಕೇಳಿದಳು. ಬಿಳಿಯ ಅಜ್ಜನ ಬಗ್ಗೆ ಅವಳು ಏನೂ ಕೇಳಲಿಲ್ಲ.

“ಗಂಜಿ ಕೊಟ್ಟವಳ ಹೆಸರೇನು ಅಂಕಲ್?”

ಆಂಟಿ ಆ ಹೆಸರು ಎಳೆಯುತ್ತಿದ್ದ ಧಾಟಿ ಕಿವಿಯಲ್ಲಿತ್ತು, ಹೆಸರಿರಲಿಲ್ಲ. ಬಿಳಿಯ ಅಜ್ಜನ ಬೆನ್ನು ಹತ್ತಿದ್ದವನು ನಾನು. ಆಂಟಿ ಪ್ರತಿ ಸಲವೂ ಹೇಳಿದ್ದು ಅವಳ ಕಥೆ.

“ನೋಟ್‌ಬುಕ್ಕಿನಲ್ಲಿದೆ, ನೋಡಿ ಹೇಳುತ್ತೇನೆ” ಎಂದೆ.

ತಿರುವನಂತಪುರಕ್ಕೆ ಮರಳಿ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಹರವಿದೆ. ಆಂಟಿಯ ಜಗಲಿಯಲ್ಲಿ ಕುಳಿತು ಬರೆದ ಪುಟ ಸಿಕ್ಕಿತು. ನನ್ನದೇ ಅಕ್ಷರ: “ಹಡಗಿನ ಕಥೆ. ಮತ್ತೆ ಅದೇ. ಬರೆದುಕೊಳ್ಳುವ ಅಗತ್ಯವಿಲ್ಲ.”